ಚಿಟ್ಟೆ ತೆಗೆಯುವವಳು

ಪಾಸ್‌ಪೋರ್ಟ್ ಫೋಟೋದಲ್ಲಿ ನಗಬಾರದು ಎಂಬ ನಿಯಮವನ್ನು ರಜಿಯಾ ಯಾರಿಗೂ ಹೇಳಬೇಕಾಗಿ ಬಂದಿಲ್ಲ. ಸಿದ್ದಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಅವಳ ಸ್ಟುಡಿಯೋಕ್ಕೆ ಹಲ್ಲು ಬಿಟ್ಟುಕೊಂಡು ಬಂದವರೂ ಅವಳ ಮುಖ ನೋಡಿದ ಕೂಡಲೇ ತಾವಾಗಿಯೇ ನಿಯಮಕ್ಕೆ ಒಳಪಡುತ್ತಾರೆ. “ಅಳ್ಳಾಡಬ್ಯಾಡ್ರಿ” ಎಂದು ಅವಳು ಹೇಳಿದರೆ ಗೋಡೆಯ ಮೇಲಿನ ಹಲ್ಲಿಯೂ ನಿಲ್ಲುತ್ತದೆ. ಅವಳ ಮಾತಿಗೆ ನಿಲ್ಲದೇ ಇರುವುದು ಚಿಟ್ಟೆ ಮಾತ್ರ. ಬಹುಶಃ ಅದಕ್ಕೇ, ಇಡೀ ಜಗತ್ತಿನಲ್ಲಿ ಅವಳಿಗೆ ಸಿಟ್ಟು ಬರದ ಪ್ರಾಣಿಯೂ ಅದೊಂದೇ.

ಭಾನುವಾರ ಊರಿಗೆಲ್ಲ ರಜೆ, ರಜಿಯಾಗಿಲ್ಲ. ಕ್ಯಾಮೆರಾ ಚೀಲ ಹೆಗಲಿಗೇರಿಸಿ ಸ್ಕೂಟರಿನಲ್ಲಿ ಮನ್ಮನೆ ಕಡೆ ಹೊರಟುಬಿಡುತ್ತಾಳೆ. ತೆಗೆದ ಫೋಟೋಗಳು ಶಿರಸಿ, ಸಿದ್ದಾಪುರ, ಯಲ್ಲಾಪುರದ ಚಿಟ್ಟೆ ಹುಚ್ಚರ ವಾಟ್ಸಾಪ್ ಗುಂಪಿಗೆ ಹೋಗುತ್ತವೆ. ಅಲ್ಲಿ ಹೆಸರಿನ ಮೇಲೆ ಜಗಳ. ಚುಕ್ಕೆ ಎಲ್ಲಿದೆ, ಬಾಲ ಇದೆಯೋ ಮುರಿದಿದೆಯೋ ಎಂದು ವಾರವಿಡೀ ನಡೆಯುತ್ತದೆ. ರಜಿಯಾ ಆ ಜಗಳದಲ್ಲಿ ಸೋತದ್ದುಂಟು, ಒಪ್ಪಿಕೊಂಡದ್ದಿಲ್ಲ.

ಅವಳು ಹುಟ್ಟಿದ್ದು ದಾಸನಕೊಪ್ಪದಲ್ಲಿ. ಅವಳ ತವರಿನಲ್ಲಿ ಚಿಟ್ಟೆಗೆ ಪಾತರಗಿತ್ತಿ ಎನ್ನುತ್ತಾರೆ. ಹಳ್ಳಿ ಮನೆಗಳ ಎದುರು ನಿಂತು ಅಪರಿಚಿತರೊಂದಿಗೆ ಮಾತಾಡುವಾಗ ಮರ್ಯಾದೆಗೆ ಪಾಠಪುಸ್ತಕದ ಶಬ್ದವೇ ಇರಲಿ ಎಂದುಕೊಂಡದ್ದು ಅವಳ ತಪ್ಪು. ಈ ಕಡೆ ಜಗಲಿಯಲ್ಲಿ ಕೂರಲೆಂದು ಎತ್ತರಿಸಿ ಕಟ್ಟಿದ ಕಟ್ಟೆಗೂ ಚಿಟ್ಟೆ ಎಂದೇ ಹೆಸರು. ಅವಳು ಮದುವೆಯಾಗಿ ಬಂದ ಪೇಟೆ ಮನೆಯಲ್ಲಿ ಚಿಟ್ಟೆ ಇರಲಿಲ್ಲ, ಸೋಫಾ ಇತ್ತು.

ಹಾಗಾಗಿ ಮನ್ಮನೆಯಲ್ಲಿ ರಸ್ತೆಗೆ ತಾಗಿದ ಮನೆಯ ವೆಂಕಮ್ಮನ ಎದುರು ನಿಂತು ವಿನಯವಾಗಿಯೇ ಕೇಳಿದಳು.

“ಅಮ್ಮಾ, ಸ್ವಲ್ಪ ಚಿಟ್ಟೆ ತೆಗೀಬೇಕಿತ್ರೀ.”

ರಸ್ತೆ ಅಗಲವಾಗುತ್ತದೆ, ಜಗಲಿಗಳೆಲ್ಲ ಹೋಗುತ್ತವೆ ಎಂಬ ಸುದ್ದಿ ಊರಲ್ಲಿ ಹಬ್ಬಿದ್ದ ಕಾಲ ಅದು. ವೆಂಕಮ್ಮ ಕೂತಲ್ಲಿಂದ ಎದ್ದಳು.

“ಎಂತ? ಚಿಟ್ಟೆ ತೆಗೀತ್ಯ? ನನ್ನ ಗಂಡ ಕಟ್ಟಿದ ಚಿಟ್ಟೆ ಇದು. ಮುಟ್ಟಿ ನೋಡು, ಆನು ಕೈ ಮುರೀತೆ!”

“ಮುಟ್ಟೂದಿಲ್ರೀ, ದೂರದಿಂದನ ತೆಗೀತೀನಿ.”

“ದೂರದಿಂದ? ಜೇಸಿಬಿ ತಂದಿದ್ಯ?”

“ಹಾರಿ ಹೋಗೂದರೊಳಗ ತೆಗೀಬೇಕ್ರೀ ಅಮ್ಮಾ!”

“ಚಿಟ್ಟೆ ಎಲ್ಲಾದ್ರೂ ಹಾರ್ತಾ ಮಾರಾಯ್ತಿ? ತಲೆ ಸರಿ ಇದ್ದ ನಿಂಗೆ?”

ಇಬ್ಬರೂ ಸಿಟ್ಟಿನಲ್ಲಿ ಸಮಬಲರು. ಬೇಲಿಯ ಮೇಲೆ ಹಳದಿ ಚಿಟ್ಟೆಯೊಂದು ಹಾದುಹೋಗಿ, ರಜಿಯಾ ಬೆರಳು ತೋರಿಸುವವರೆಗೂ ಕೂಗಾಟ ನಿಲ್ಲಲಿಲ್ಲ.

“ಓ, ಹಾತೆಯಾ! ಹಂಗೆ ಹೇಳಲೆ ಎಂತಾಗಿತ್ತು ನಿಂಗೆ?” ಎಂದ ವೆಂಕಮ್ಮ, ಅದೇ ಚಿಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು.

ಆಮೇಲಿನ ಭಾನುವಾರಗಳೆಲ್ಲ ಆ ಬೇಲಿಗೇ ಮೀಸಲಾದವು. ಅಲ್ಲಿ ಹಬ್ಬಿದ್ದ ಈಶ್ವರಿ ಬಳ್ಳಿಯಲ್ಲಿ ಕಡುಗೆಂಪು ಮುಳ್ಳಿನ ಹುಳವೊಂದು ರಜಿಯಾಗೆ ಸಿಕ್ಕಿತ್ತು. ಅವಳ ಪ್ರಕಾರ ಅದು ಸದರ್ನ್ ಬರ್ಡ್‌ವಿಂಗ್. ಅಂಗೈಗಿಂತ ಅಗಲದ, ಕಪ್ಪು ಹಳದಿ ರೆಕ್ಕೆಯ, ನಮ್ಮ ರಾಜ್ಯದ ಚಿಟ್ಟೆಯೆಂದು ಸರ್ಕಾರವೇ ಪಟ್ಟ ಕಟ್ಟಿದ್ದು. ಬ್ಯಾಂಕಿನಿಂದ ನಿವೃತ್ತರಾಗಿ ಯಲ್ಲಾಪುರದಲ್ಲಿ ಕೂತು ಗುಂಪನ್ನು ಆಳುವ ಅನಂತಮೂರ್ತಿಯವರು ಒಪ್ಪಲಿಲ್ಲ. ಅದೇ ಬಳ್ಳಿ ತಿನ್ನುವ ಕ್ರಿಮ್ಸನ್ ರೋಸ್ ಚಿಟ್ಟೆಯ ಹುಳವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. “ಆಸೆಗೂ ಮಿತಿ ಇರಲಿ ಮೇಡಂ” ಎಂದು ಬರೆದರು.

“ಹೊರಗ ಬರ್ಲಿ, ತೋರಸ್ತೀನಿ” ಎಂದು ಇವಳು ಧ್ವನಿ ಸಂದೇಶ ಕಳಿಸಿದಳು. ಗುಂಪಿನಲ್ಲಿ ಹಲವರು ಫೋನನ್ನು ಕಿವಿಯಿಂದ ದೂರ ಹಿಡಿದರಂತೆ.

ಹುಳ ಕೋಶವಾಯಿತು. ಒಂದೇ ಶಬ್ದವಿದ್ದ ಕೋಶ. ಅರ್ಥ ಹೊರಬರುವುದಷ್ಟೇ ಬಾಕಿ.

ಅಷ್ಟರಲ್ಲಿ ವೆಂಕಮ್ಮನ ಫೋನು ಬಂತು. “ಬೇಗ ಬಾರೇ, ನಿನ್ನ ಹಾತೆ ಬೇಲಿಗೆ ಮೆಷಿನ್ ಬಂತು!” ಸ್ಟೂಲಿನ ಮೇಲೆ ಗದ್ದ ಎತ್ತಿ ಕೂತಿದ್ದ ಗಿರಾಕಿಗೆ “ಅಳ್ಳಾಡಬ್ಯಾಡ್ರಿ” ಎಂದವಳು ಹಾಗೇ ಹೋಗಿ ಸ್ಕೂಟರ್ ಹತ್ತಿದಳು.

ಯಾರೋ ದೊಡ್ಡವರು ಆ ದಾರಿಯಲ್ಲಿ ಬರುವವರಿದ್ದರು. ದೊಡ್ಡವರ ಕಣ್ಣಿಗೆ ಕಳೆ ಬೀಳಬಾರದು. ರಸ್ತೆ ಬದಿ ಕಳೆ ತೆಗೆಸುವ ಗುತ್ತಿಗೆ ಹಿಡಿದವನು ಉಲ್ಲಾಸ. ರಜಿಯಾ ತಲುಪುವಾಗ ಅರ್ಧ ಬೇಲಿ ಬುಡಮಟ್ಟ ಬೋಳಾಗಿ, ಕೋಶವಿದ್ದ ಬಳ್ಳಿ ರಾಶಿಯಲ್ಲಿ ಬಿದ್ದು, ರಾಶಿಯ ಮೇಲೆ ಅವನ ಬೈಕು ನಿಂತಿತ್ತು.

“ಇದರಾಗ ಏನಿತ್ತು ಗೊತ್ತೇನ್ರೀ?”

“ಹುಳ” ಎಂದ ಉಲ್ಲಾಸ. “ನಿಮಗೆ ಚಿಟ್ಟೆ ಬೇಕಾದ್ರೆ ಹೇಳಿ ಮೇಡಂ, ಸಿಮೆಂಟಿಂದು ಮಾಡ್ಸಿ ನಿಲ್ಸನ. ಫೋಟೋ ತೆಗೆಯಲೂ ಚಲೋ, ಅಳ್ಳಾಡ್ತಿಲ್ಲೆ.”

“ರಾಜ್ಯದ ಚಿಟ್ಟಿ ಅದು! ಈ ಬಳ್ಳಿ ಬಿಟ್ರ ಅದಕ್ಕ ಬ್ಯಾರೆ ಊಟಿಲ್ಲ.”

“ಹೌದಾ? ಹಂಗಾದ್ರೆ ಇಲ್ಲೊಂದು ಬೋರ್ಡ್ ಹಾಕ್ಸನ. ಬೋರ್ಡ್ ಹುಗೀಲೂ ಜಾಗ ಚೊಕ್ಕ ಬೇಕು.” ಕೆಲಸದವನಿಗೆ ಕೈಸನ್ನೆ ಮಾಡಿದ. ಅವನ ಹೆಗಲಿನ ಕಳೆ ಕೊಚ್ಚುವ ಮೆಷಿನ್ ಮತ್ತೆ ಗುರುಗುಟ್ಟಿತು.

ರಜಿಯಾ ಸಿಟ್ಟಿನಲ್ಲಿ ಬಾಯಿ ತೆರೆಯುವಷ್ಟರಲ್ಲಿ ವೆಂಕಮ್ಮ ಜಗಲಿಯ ಮೇಲೆ ಹತ್ತಿ ನಿಂತು ಕೇರಿಗೆಲ್ಲ ಕೇಳುವಂತೆ ಕೂಗಿದಳು. “ಬನ್ರೋ! ಚಿಟ್ಟೆ ತೆಗೆಯಲೆ ಬಂದಿದ್ವೋ!”

ಸಾಲುಮನೆಗಳಿಂದ ಜನ ಕತ್ತಿ, ಕೋಲು, ಕೈಯಲ್ಲಿದ್ದ ಸೌಟಿನ ಸಮೇತ ಓಡಿಬಂದರು. ಎಲ್ಲರ ಮನೆಯೂ ರಸ್ತೆಗೇ ತಾಗಿದ್ದು, ಎಲ್ಲರ ಮನೆಗೂ ಚಿಟ್ಟೆ ಇದ್ದದ್ದು. “ನಿಮ್ಮ ಚಿಟ್ಟೆ ಯಾರಿಗೆ ಬೇಕ್ರೋ? ಆನು ತೆಗೀತಿರೋದು ಕಳೆ!” ಎಂದು ಉಲ್ಲಾಸ ಅರಚಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಮೆಷಿನ್ ಕಟ್ಟಿಕೊಂಡು ಬೈಕು ಹತ್ತಿದ. ಉಳಿದರ್ಧ ಬೇಲಿ ಉಳಿಯಿತು.

“ಸುಳ್ಳ ಹೇಳಿದ್ರೇನ್ರೀ?” ಎಂದಳು ರಜಿಯಾ.

“ಎಂತ ಸುಳ್ಳು? ಚಿಟ್ಟೆ ತೆಗೀತಿದ್ದಿದ್ದು ಹೌದೊ ಅಲ್ದೊ?”

ರಜಿಯಾ ನಗಲಿಲ್ಲ. ರಾಶಿ ಕೆದರಿ ಕೋಶವನ್ನು ಹುಡುಕಿದಳು. ಸಿಕ್ಕಿತು, ಜಜ್ಜಿಹೋಗಿತ್ತು. ರೆಕ್ಕೆಗೆ ಬಣ್ಣ ಇನ್ನೂ ಮೂಡಿರಲಿಲ್ಲ. ಯಾವ ಚಿಟ್ಟೆಯೆಂದು ಇನ್ನು ಯಾರೂ ಹೇಳುವಂತಿರಲಿಲ್ಲ. “ಹಾಗಾದರೆ ಕ್ರಿಮ್ಸನ್ ರೋಸ್ ಎಂದೇ ಇಟ್ಟುಕೊಳ್ಳೋಣವೇ?” ಎಂದು, ಸುದ್ದಿ ತಿಳಿದ ಅನಂತಮೂರ್ತಿಯವರು ಗುಂಪಿನಲ್ಲಿ ಕೇಳಿದ್ದಕ್ಕೆ ಅವಳು ಮೊದಲ ಸಲ ಜಗಳವಾಡಲಿಲ್ಲ. ಗುಂಪಿನವರಿಗೆ ಅವಳ ಕೂಗಿಗಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಉಲ್ಲಾಸ ಯಾವುದೋ ಅರ್ಜಿಗೆ ಫೋಟೋ ಬೇಕೆಂದು ಸ್ಟುಡಿಯೋಕ್ಕೇ ಬಂದ. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿದ ಕ್ರಾಪು. ಅವಳು ಫೋಟೋ ತೆಗೆದು ಕೈಗಿಟ್ಟಳು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಎಂತ ಮೇಡಂ, ಮುಖದಲ್ಲಿ ಕಳೆನೇ ಇಲ್ಲೆ?”

“ಎಲ್ಲಿಂದ ಬರ್ಬೇಕ್ರೀ? ಗುತ್ತಿಗಿ ಹಿಡದು ನೀವ ತಗಸೀರಲ್ಲ.”

ಅವನು ನಗಲು ನೋಡಿದ, ಅವಳ ಮುಖ ಕಂಡು ಬಿಟ್ಟ. “ಇನ್ನೊಂದ್ಸಲ ತೆಗೀರಿ” ಎಂದು ಮೆಲ್ಲಗೆ ಹೋಗಿ ಸ್ಟೂಲಿನ ಮೇಲೆ ಕೂತ.

“ಅಳ್ಳಾಡಬ್ಯಾಡ್ರಿ” ಎಂದಳು ರಜಿಯಾ. ಉಲ್ಲಾಸ ಉಸಿರು ಬಿಗಿಹಿಡಿದ. ಅವಳು ಕ್ಯಾಮೆರಾದ ಹಿಂದೆ ನಿಂತು ಅವನನ್ನೇ ನೋಡುತ್ತಿದ್ದಳು. ಬಹಳ ಹೊತ್ತು ಗುಂಡಿ ಒತ್ತಲಿಲ್ಲ.