ಉದಗೀರದ ದಾರಿಯಲ್ಲಿ ಅತ್ತೆಯ ಕರಡಿಗೆ

ನಿಲಂಗಾದಿಂದ ಉದಗೀರಕ್ಕೆ ನಾನೂ ನನ್ನ ಅತ್ತೆಯೂ ಎತ್ತಿನ ಗಾಡಿಯಲ್ಲಿ ಹೊರಟದ್ದು ಪುಷ್ಯ ಮಾಸದ ಚಳಿಯಲ್ಲಿ. ಆಗ ನಿಜಾಮರ ಕಾಲ. ಬಾಡಿಗೆ ಅವರ ಹಾಲಿ ನಾಣ್ಯದಲ್ಲಿ ನಾಲ್ಕು ರೂಪಾಯಿ, ದಾರಿ ಎರಡು ದಿನದ್ದು. ಉದಗೀರದಲ್ಲಿ ರೈಲು ಹಿಡಿದು ಬೀದರಿನ ನಾದಿನಿಯ ಮನೆಗೆ ಹೋಗುವುದು ನಮ್ಮ ಪ್ಲ್ಯಾನ್. ನಾನು ಕಾನ್ವೆಂಟಿನಲ್ಲಿ ಓದಿ ಬಂದ ಹೊಸ ಸೊಸೆ. ಅತ್ತೆ ಕೊರಳಲ್ಲಿ ಧರಿಸುವ ಇಷ್ಟಲಿಂಗದ ಬೆಳ್ಳಿ ಕರಡಿಗೆಯ ದಾರ ಮಾಸಿದೆಯೆಂದು, ಹೊರಡುವ ಮುನ್ನ ನನ್ನ ನೀಲಿ ಸ್ಯಾಟಿನ್ ರಿಬ್ಬನ್ ಕಟ್ಟಿಕೊಟ್ಟಿದ್ದೆ. "ಛಲೋ ಕಾಣಸ್ತದ," ಎಂದು ಸಣ್ಣ ಹುಡುಗಿಯಂತೆ ನಕ್ಕಿದ್ದರು.

ಮೊದಲ ರಾತ್ರಿ ವಲಾಂಡಿಯ ಮಠದಲ್ಲಿ ತಂಗಿದೆವು. ಮರುದಿನ ಮಧ್ಯಾಹ್ನ ಕಾಡಿನ ಅಂಚಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಹಿಂಡಿ ತಿಂದೆವು. ಅಲ್ಲಿ ಹಳೆಯ ಹಳಿಗಳಿದ್ದವು. ದೊಡ್ಡ ರೈಲ್ವೆ ಲೈನ್ ಹಾಕುವಾಗ ಕಲ್ಲು ಸಾಗಿಸಲು ಹಾಸಿ, ಕೆಲಸ ಮುಗಿದ ಮೇಲೆ ಕೈಬಿಟ್ಟಂಥವು. ಅತ್ತೆ ಹಳಿಗುಂಟ ನಡೆದುಹೋಗಿ ಹಳ್ಳದಲ್ಲಿ ಮುಖ ತೊಳೆದು ಬಂದರು.

ನಾಲ್ಕು ಮೈಲಿ ಮುಂದೆ ಹೋದ ಮೇಲೆ ನೀರು ಕುಡಿಯಲು ತಂಬಿಗೆ ಎತ್ತಿದ ಅತ್ತೆ, ಎದೆ ಮುಟ್ಟಿಕೊಂಡು ಹಾಗೇ ಇಳಿಸಿದರು. ಕರಡಿಗೆ ಇರಲಿಲ್ಲ. ಸ್ಯಾಟಿನ್ನಿನ ಗಂಟು ಜಾರುತ್ತದೆಂದು ಕಾನ್ವೆಂಟಿನ ಯಾವ ಸಿಸ್ಟರೂ ನನಗೆ ಕಲಿಸಿರಲಿಲ್ಲ.

"ಲಿಂಗ ಸಿಗೋತನಕ ಹನಿ ನೀರೂ ಬ್ಯಾಡ."

"ಸಿಗಲಿಲ್ಲಂದ್ರ, ಅತ್ತೀ?"

"ಸಿಗಲಿಲ್ಲಂದ್ರ ನಾ ಯಾಕ ಇರ್ಬೇಕವ್ವ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಹೆದರಿದ್ದು ಅದಕ್ಕೇ.

ಗಾಡಿಯ ಶಂಕ್ರಪ್ಪ ಎತ್ತು ತಿರುಗಿಸುತ್ತ, "ಬಾಯಾರ, ರಿಬ್ಬನ್ನು ಜಡಿಗಿ ಕಟ್ಟತಾರ್ರಿ, ದೇವರಿಗಲ್ಲ," ಎಂದು ನನಗೆ ಚುಚ್ಚಿದ. ನಾನು ಗಾಡಿಯಿಂದ ಬಗ್ಗಿ ದಾರಿಯ ಧೂಳಿನಲ್ಲಿ ಹುಡುಕುತ್ತ ಕೂತೆ.

ನಾವು ಹಳಿ ಮುಟ್ಟಿದಾಗ ಎಲೆಯುದುರಿದ ಸಾಗವಾನಿ, ಮುತ್ತಲದ ಮರಗಳ ಹಿಂದೆ ಸೂರ್ಯ ಇಳಿಯುತ್ತಿದ್ದ. ತುಕ್ಕು ಹಿಡಿದ ಕಬ್ಬಿಣ ಕೆಂಪಗೆ ಕಾದಂತಿತ್ತು. ಬೇರೆ ದಿನವಾಗಿದ್ದರೆ ಬ್ಯೂಟಿಫುಲ್ ಎನ್ನುತ್ತಿದ್ದೆ. ಅಂದು ಬೆಳಕು ಇನ್ನೆಷ್ಟು ಉಳಿದಿದೆ ಎಂದಷ್ಟೇ ನೋಡಿದೆ. ಒಣ ಎಲೆಗಳನ್ನು ಕೈಯಿಂದ ಸರಿಸುತ್ತ ಹಳ್ಳದ ಕಡೆಗೆ ನಡೆದೆವು.

ತಿರುವಿನಲ್ಲಿ, ಹಳಿಯ ಮೇಲೆ, ಕಂಬಳಿ ಹೊದ್ದ ಮುದುಕನೊಬ್ಬ ಕೂತಿದ್ದ. ಹಳಿ ಕಳುವಾಗದಂತೆ ಕಾಯುವ ಚೌಕಿದಾರ, ಖಾಸೀಂ. ಅವನ ಮುಂದೆ ಹಳಿಯ ಬುಡದಿಂದ ಎತ್ತಿದ ಸಣ್ಣ ಕಲ್ಲುಗಳ ಸುತ್ತು; ನಡುವೆ ಕರಡಿಗೆ.

"ನಿಮ್ದೇನ್ರಿ ಅವ್ವಾರ? ಮಧ್ಯಾಹ್ನದಿಂದ ಕಾಯಾಕತ್ತೀನಿ. ನಿಮ್ಮ ದೇವ್ರು, ನಾ ಹ್ಯಾಂಗ ಮುಟ್ಲಿ? ದನಾ ತುಳೀಬಾರದಂತ ಸುತ್ತ ಕಲ್ಲಿಟ್ಟೀನಿ."

ಅತ್ತೆ ಕುಸಿದು ಕೂತು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಅವನಿಗೇ ಬೈದರು. "ಹುಚ್ಚಪ್ಪಾ, ನೀ ಮುಟ್ಟಿದ್ರ ಶಿವ ಕರಗತಿದ್ನೇನು? ಗಾಡಿ ಹಿಂದ ಓಡಿ ಬಂದಿದ್ರ ಇಷ್ಟೊತ್ತಿಗಿ ನಾ ನೀರರೆ ಕುಡೀತಿದ್ದೆ!"

"ಈ ಮೊಣಕಾಲಿಗಿ ಓಡೋದು ಅಂದ್ರೇನ್ರಿ?"

"ಉಂಡೀಯೇನು?"

"ಇದನ್ನ ಬಿಟ್ಟು ಹ್ಯಾಂಗ ಹೋಗ್ಲಿರಿ?"

ಅತ್ತೆ ಹಳ್ಳದ ನೀರಿನಿಂದ ಅಲ್ಲೇ, ಹಳಿಗಳ ನಡುವೆ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದರು. ಶಂಕ್ರಪ್ಪ ಕೊಟ್ಟ ನೂಲಿನಿಂದ ಕರಡಿಗೆ ಕಟ್ಟಿಕೊಂಡರು. ಉಳಿದಿದ್ದ ರೊಟ್ಟಿಯನ್ನು ಮೊದಲು ಖಾಸೀಮನ ಕೈಗಿತ್ತು, ಅವನು ಒಂದು ತುತ್ತು ನುಂಗಿದ ಮೇಲೆ ತಂಬಿಗೆ ಎತ್ತಿದರು. ಆ ಗಟಗಟ ಸದ್ದಿನಷ್ಟು ಹಿತವಾದ ಮ್ಯೂಸಿಕ್ ಈ ಮುದಿ ಕಿವಿಗಳು ಮತ್ತೆ ಕೇಳಿಲ್ಲ.

ಗಾಡಿ ಹೊರಟಾಗ ತಿರುಗಿ ನೋಡಿದೆ. ರೊಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಖಾಸೀಂ ಬಗ್ಗಿ, ಸುತ್ತಲೂ ಇಟ್ಟಿದ್ದ ಕಲ್ಲುಗಳನ್ನು ಒಂದೊಂದೇ ಎತ್ತಿ ಹಳಿಯ ಬುಡಕ್ಕೆ ಮತ್ತೆ ಜೋಡಿಸುತ್ತಿದ್ದ.