ಕೊನೆಯಲ್ಲಿ ಓಡುವವರನ್ನು ನೋಡುವ ಸಾರ್ಜೆಂಟ್ ಟೂಮರ್

ನನ್ನ ಮಗಳು ಡೆಲೇನಿಗೆ ಹನ್ನೊಂದು ತುಂಬಿದ ಮೇಲೆ ಒಂದು ದಿನವೂ ಉಬ್ಬಸ ಬಂದದ್ದಿಲ್ಲ. ಆದರೂ ಅವಳ ಹದಿಮೂರು, ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ, ಪ್ರತಿ ಆಗಸ್ಟ್ ತಿಂಗಳು ಶಾಲೆ ತೆರೆಯುವ ಮುಂಚೆ, ನಾನು ಔಷಧಿ ಅಂಗಡಿಗೆ ಹೋಗಿ ಅವಳ ಹೆಸರಿನಲ್ಲಿ ಒಂದು ಇನ್‌ಹೇಲರ್ ತಂದು ನನ್ನ ಕೈಚೀಲದ ತಳದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಇರಲಿ ಅಂತ. ಡಾಕ್ಟರು ಫೋನಿನಲ್ಲೇ ಚೀಟಿ ಬರೆದುಕೊಡುತ್ತಿದ್ದರು. ಮಗಳಿಗೆ ಗೊತ್ತಿಲ್ಲ, ಗಂಡ ಕರ್ಟಿಸ್‌ಗೂ ಗೊತ್ತಿಲ್ಲ. ಮೂರೂ ಸೀಲು ಒಡೆಯದೆಯೇ ಅವಧಿ ಮುಗಿದು ಕಸಕ್ಕೆ ಹೋದವು.

ಈಗ ಸೈನ್ಯದ ವೈದ್ಯಕೀಯ ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ. ಹದಿಮೂರನೆಯ ಹುಟ್ಟುಹಬ್ಬದ ನಂತರ ಉಬ್ಬಸವಿತ್ತೇ, ಇನ್‌ಹೇಲರ್ ಬರೆದುಕೊಟ್ಟಿದ್ದರೇ? ಮೂರು ವಾರದ ಹಿಂದೆ, ಅಡುಗೆಮನೆಯ ಮೇಜಿನ ಮೇಲೆ, ಡೆಲೇನಿ ನನ್ನ ಕಣ್ಣೆದುರೇ ‘ಇಲ್ಲ’ ಎಂದು ಗುರುತು ಹಾಕಿದಳು. ನಾನು ಪಾತ್ರೆ ತೊಳೆಯುತ್ತಿದ್ದೆ. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದೆ.

ಅಂದಿನಿಂದ ಅದು ನನ್ನ ತಲೆಯಿಂದ ಹೋಗಿಲ್ಲ. ಹೇಳಿದರೆ ಮೊದಲು ಅರ್ಜಿಯ ತಿರಸ್ಕಾರ, ಆಮೇಲೆ ಕಾಗದ ಪತ್ರ, ವಿನಾಯಿತಿಗಾಗಿ ತಿಂಗಳುಗಟ್ಟಲೆ ಕಾಯುವುದು. ಅಷ್ಟರಲ್ಲಿ ಅವಳ ಜಾಗ ಬೇರೆಯವರಿಗೆ ಹೋಗಬಹುದು. ಹೇಳದೆ ಇದ್ದು, ಮುಂದೆಂದೋ ಔಷಧಿ ಅಂಗಡಿಯ ದಾಖಲೆ ಸಿಕ್ಕಿಬಿಟ್ಟರೆ ಸುಳ್ಳು ಹೇಳಿದವಳೆಂದು ಹೊರಗೆ ಹಾಕುತ್ತಾರೆ. ನನ್ನನ್ನಲ್ಲ, ಅವಳನ್ನು.

ಸೈನ್ಯದ ದೊಡ್ಡ ನೆಲೆಯಿರುವ ನಮ್ಮ ಫಾಯೆಟ್‌ವಿಲ್‌ನಲ್ಲಿ ಮಕ್ಕಳು ಸಮವಸ್ತ್ರ ನೋಡಿಕೊಂಡೇ ಬೆಳೆಯುತ್ತವೆ. ನಾನು ಬಾಲ್ಟಿಮೋರ್‌ನಲ್ಲಿ ಓದಿದವಳು. ಹತ್ತೊಂಬತ್ತಕ್ಕೆ ಮದುವೆಯಾಗಿ, ಬಸುರಿಯಾಗಿ ಇಲ್ಲಿಗೆ ಬಂದೆ. ಹದಿನೇಳು ವರ್ಷವಾದರೂ ಫಿರಂಗಿ ಅಭ್ಯಾಸಕ್ಕೆ ಕಿಟಕಿ ಅದುರಿದಾಗ ಈ ಊರಲ್ಲಿ ಬೆಚ್ಚುವವಳು ನಾನೊಬ್ಬಳೇ. ಡೆಲೇನಿಗೆ ಸೈನ್ಯದ ನರ್ಸ್ ಆಗಬೇಕು. ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಲೇ ಅಧಿಕಾರಿಯ ತರಬೇತಿ ಪಡೆದು, ಪದವಿಯ ದಿನವೇ ಭುಜಕ್ಕೆ ಲೆಫ್ಟಿನೆಂಟ್ ಪಟ್ಟಿ ಹಾಕಿಸಿಕೊಳ್ಳುವುದು ಅವಳ ಲೆಕ್ಕ. ವಿದ್ಯಾರ್ಥಿವೇತನ ಮಂಜೂರಾಗಿತ್ತು, ವೈದ್ಯಕೀಯ ಒಪ್ಪಿಗೆಯೊಂದು ಬಾಕಿ. ಮೂರು ಕಾಲೇಜುಗಳಲ್ಲಿ ಒಂದನ್ನು ಮೇ ತಿಂಗಳೊಳಗೆ ಆರಿಸಬೇಕಿತ್ತು.

ಈ ಆರಿಸುವ ಕೆಲಸಕ್ಕೆ ನಮ್ಮೂರಿನಲ್ಲಿ ಒಬ್ಬರಿದ್ದಾರೆ. ಸಾರ್ಜೆಂಟ್ ವರ್ನೆಲ್ ಟೂಮರ್, ಹೈಸ್ಕೂಲಿನ ಸೈನಿಕ ತರಗತಿಯ ಶಿಕ್ಷಕಿ. ಐವತ್ತಾರು ವಯಸ್ಸು, ಎತ್ತರದ ಹೆಂಗಸು, ಎರಡೂ ಮಂಡಿ ಸವೆದಿವೆ. ಅವರ ಹಳೆಯ ವ್ಯಾನಿನಲ್ಲಿ ಸದಾ ಒಂದು ಕಾಫಿ ಡಬ್ಬಿಯ ತುಂಬ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ. ಹದಿನಾಲ್ಕು ವರ್ಷಗಳಿಂದ ಊರಿನ ಮಕ್ಕಳನ್ನು ಆ ವ್ಯಾನಿನಲ್ಲಿ ತುಂಬಿಕೊಂಡು ಕಾಲೇಜು ಕಾಲೇಜು ತಿರುಗಿಸಿದ್ದಾರೆ.

ನಾನು ಮೊದಲ ದಿನ ಅವರ ಮುಂದೆ ಹದಿನಾಲ್ಕು ಅಂಕಣಗಳ ಒಂದು ಪಟ್ಟಿ ಬಿಚ್ಚಿದೆ. ಹಾಸ್ಟೆಲ್, ಊಟ, ಆಸ್ಪತ್ರೆಗೆ ಎಷ್ಟು ದೂರ, ಹಾಜರಾತಿ, ಎಲ್ಲ.

“ಏನಮ್ಮಾ ಇದು? ಫ್ರಿಜ್ ಕೊಂಡ್ಕೊಳ್ಳೋಕೆ ಹೊರಟ ಹಾಗಿದೆ,” ಅಂದರು.

“ಮತ್ತೆ ಹೋಲಿಸೋದು ಹೇಗೆ ಸಾರ್ಜೆಂಟ್?”

“ಹೋಗಿ ನೋಡೋದು. ಅವರು ಕರೆದ ದಿನ ಅಲ್ಲ. ಕರೆದ ದಿನ ಬೂಟು ಹೊಳೀತಿರುತ್ತೆ, ಕೇಕ್ ಇಟ್ಟಿರ್ತಾರೆ. ಯಾವುದೋ ಒಂದು ಗುರುವಾರ, ಬೆಳಗ್ಗೆ ಆರು ಗಂಟೆಗೆ ಹೋಗ್ಬೇಕು.”

ಅವರ ಹಟಕ್ಕೆ ಕಾರಣವಿತ್ತು. ಟೂಮರ್ ದಕ್ಷಿಣ ಕೆರೊಲಿನಾದ ಆರೆಂಜ್‌ಬರ್ಗ್ ಕಡೆಯವರು, ಏಳು ಮಕ್ಕಳಲ್ಲಿ ಐದನೆಯವರು. ಹದಿನೆಂಟಕ್ಕೆ ಸೈನ್ಯ ಸೇರಿ ಇಂಧನದ ಟ್ಯಾಂಕರ್ ಓಡಿಸುತ್ತಿದ್ದರು. ಇಪ್ಪತ್ತಾರರಲ್ಲಿ ಮೇಲಧಿಕಾರಿ ಕರೆದು, ನಿನ್ನಲ್ಲಿ ಅಧಿಕಾರಿಯ ಗುಣವಿದೆ, ಕಾಲೇಜಿಗೆ ಹೋಗಿ ತರಬೇತಿ ಮುಗಿಸಿ ಬಾ ಎಂದರಂತೆ. ಎರಡು ಕಾಲೇಜು ಸೀಟು ಕೊಟ್ಟವು. ಒಂದರ ಪುಸ್ತಿಕೆಯಲ್ಲಿ ಗಂಟೆಗೋಪುರದ ಚಿತ್ರವಿತ್ತು. ಇವರು ಅದನ್ನೇ ಆರಿಸಿದರು. ಎರಡನೆಯ ವರ್ಷ ಶುರುವಾದ ದಿನ ತರಬೇತಿ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿತ್ತು: ಐದೇ ಅಭ್ಯರ್ಥಿಗಳಿರುವುದರಿಂದ ಅಧಿಕಾರಿ ತರಬೇತಿಯ ಘಟಕವನ್ನು ಮುಚ್ಚಲಾಗಿದೆ. ಹತ್ತಿರದ ಇನ್ನೊಂದು ಘಟಕ ಎಪ್ಪತ್ತು ಮೈಲಿ ದೂರ. ಮನೆಯಲ್ಲಿ ಹಾಲು ಕುಡಿಯುವ ಮಗು, ಚಳಿ ಬಿದ್ದರೆ ಶುರುವಾಗದ ಕಾರು. ಟೂಮರ್ ಮತ್ತೆ ಟ್ಯಾಂಕರ್ ಹತ್ತಿದರು. ಇಪ್ಪತ್ನಾಲ್ಕು ವರ್ಷ ಸೇವೆ ಮುಗಿಸಿದ್ದು ಅಧಿಕಾರಿಯಾಗದೆ, ಸಾರ್ಜೆಂಟ್ ಆಗಿಯೇ.

“ಗೋಪುರ ನೋಡಿ ಕಾಲೇಜು ಆರಿಸಿದ್ದೆ ಕಣಮ್ಮಾ. ಆ ಗಂಟೆ ಈಗ್ಲೂ ಚೆನ್ನಾಗೇ ಹೊಡಿಯುತ್ತಂತೆ,” ಎಂದು ಕಡಲೆಕಾಯಿ ಸುಲಿಯುತ್ತ ನಕ್ಕರು.

ಮೊದಲು ನೋಡಿದ್ದು ಬೆಟ್ಟದ ಮೇಲಿನ ಮಿಲಿಟರಿ ಕಾಲೇಜು. ಅಲ್ಲಿ ಎದ್ದಾಗಿನಿಂದ ಮಲಗುವವರೆಗೆ ಸಮವಸ್ತ್ರವೇ. ಹೊಸಬರು ಕಾರಿಡಾರಿನ ಮೂಲೆಯಲ್ಲಿ ಅಳತೆಪಟ್ಟಿ ಇಟ್ಟಂತೆ ತಿರುಗಬೇಕು. ಡೆಲೇನಿ ಖುಷಿಯಾದಳು. ಟೂಮರ್ ಒಂದೇ ಪ್ರಶ್ನೆ ಕೇಳಿದರು: ಇಲ್ಲಿ ನರ್ಸಿಂಗ್ ಮುಗಿಸಿ ಸೈನ್ಯಕ್ಕೆ ಹೋದವರು ಎಷ್ಟು ಜನ? ನರ್ಸಿಂಗ್ ಶುರುವಾಗಿ ಎರಡೇ ವರ್ಷವಾಗಿತ್ತು, ಒಬ್ಬರೂ ಇನ್ನೂ ಮುಗಿಸಿರಲಿಲ್ಲ.

ಎರಡನೆಯದು ಚಿಕ್ಕ ನರ್ಸಿಂಗ್ ಕಾಲೇಜು. ಅಧಿಕಾರಿ ತರಬೇತಿಗೆ ಒಂಬತ್ತೇ ಅಭ್ಯರ್ಥಿಗಳು. ತರಬೇತಿಗೆ ಬೆಳಗ್ಗೆ ಐದಕ್ಕೆ ವ್ಯಾನು ಹತ್ತಿ ಊರಿನ ಆ ತುದಿಯ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ವ್ಯಾನು ಓಡಿಸುವವನು ಮೂರನೆಯ ವರ್ಷದ ಹುಡುಗ, ಆಕಳಿಸುತ್ತಲೇ ನಮಗೆ ನಮಸ್ಕಾರ ಹೇಳಿದ. ನಾನು ಪಟ್ಟಿಯಲ್ಲಿ ಕೆಂಪು ಗೆರೆ ಎಳೆದೆ. ಟೂಮರ್ ಮಾತ್ರ ಆ ಒಂಬತ್ತು ಮಂದಿಯನ್ನು ಒಬ್ಬೊಬ್ಬರಾಗಿ ಮಾತನಾಡಿಸಿ ಬಂದರು.

“ಇವರಲ್ಲಿ ಯಾರಿಗೆ ಯಾವ ದಿನ ಆಸ್ಪತ್ರೆ ಪಾಳಿ ಅಂತ ಎಲ್ಲರಿಗೂ ಬಾಯಿಪಾಠ. ಅದನ್ನ ಯಾವ ಪುಸ್ತಿಕೇಲೂ ಹಾಕಿರಲ್ಲ.”

“ಆದ್ರೆ ಒಂಬತ್ತೇ ಜನ. ಮುಚ್ಚಿಬಿಟ್ರೆ?”

“ಅದೂ ನಿಜ.”

ವಾಪಸು ಬರುವಾಗ ಹಿಂದಿನ ಸೀಟಿನಿಂದ ಡೆಲೇನಿ ಅಂದಳು, “ಅಮ್ಮಾ, ನಿಂಗೆ ಯಾವುದೂ ಹಿಡಿಸ್ತಿಲ್ಲ. ಒಂದ್ಕಡೆ ಮೆಟ್ಟಿಲು ಜಾಸ್ತಿ, ಇನ್ನೊಂದ್ಕಡೆ ವ್ಯಾನು ಹಳೇದು. ನಿಜ ಹೇಳು, ನಾನು ಹೋಗೋದೇ ನಿಂಗಿಷ್ಟ ಇಲ್ಲ ಅಲ್ವಾ?”

“ಹಾಗೇನಿಲ್ಲ.”

“ಮತ್ತೇನು?”

ನಾನು ಕಿಟಕಿಯಾಚೆ ನೋಡಿದೆ. ಕಾಲೇಜುಗಳಲ್ಲಿ ಕೊರತೆ ಹುಡುಕುತ್ತ ಕೂತರೆ ದಿನ ಮುಂದೂಡಬಹುದು ಎಂಬುದಷ್ಟೇ ನನ್ನ ಲೆಕ್ಕವಾಗಿತ್ತು. ಆರಿಸಿದ ಮೇಲೆ ಸಹಿ ಹಾಕಬೇಕು. ಸಹಿಯಾದ ಮೇಲೆ ಆ ‘ಇಲ್ಲ’ ಗಟ್ಟಿಯಾಗುತ್ತದೆ.

ಮೂರನೆಯದು ಆ ದೊಡ್ಡ ವಿಶ್ವವಿದ್ಯಾಲಯವೇ. ಏಪ್ರಿಲ್‌ನ ಒಂದು ಗುರುವಾರ ಆರು ಗಂಟೆಗೆ ಅಲ್ಲಿನ ಮೈದಾನದ ಬೇಲಿಗೆ ಒರಗಿ ನಿಂತೆವು. ಪೈನ್ ಮರದ ಹಳದಿ ಪರಾಗ ನಿಂತ ಕಾರುಗಳ ಮೇಲೆಲ್ಲ ಅರಿಶಿನದ ಪುಡಿಯ ಹಾಗೆ ಕೂತಿತ್ತು. ನೂರನಾಲ್ವತ್ತು ಮಂದಿ ಓಡುತ್ತಿದ್ದರು, ಅವರ ನಡುವೆ ಡೆಲೇನಿಯೂ ಇದ್ದಳು. ನಾನು ಅವಳ ಎದೆಯನ್ನೇ ನೋಡುತ್ತಿದ್ದೆ. ಏರಿಳಿತ ಒಂದೇ ಸಮನಾಗಿತ್ತು.

“ಮಗಳನ್ನ ನೋಡಬೇಡ, ಅವಳು ಚೆನ್ನಾಗೇ ಓಡ್ತಾಳೆ. ಎಲ್ಲರಿಗಿಂತ ಹಿಂದಿರೋನನ್ನ ನೋಡು,” ಅಂದರು ಟೂಮರ್.

ಎಲ್ಲರಿಗಿಂತ ಹಿಂದೆ ಒಬ್ಬ ದಪ್ಪ ಹುಡುಗ ಏದುಸಿರು ಬಿಡುತ್ತ ಬರುತ್ತಿದ್ದ. ಎರಡು ಸುತ್ತು ಯಾರೂ ಅವನತ್ತ ತಿರುಗಲಿಲ್ಲ. ಮೂರನೆಯ ಸುತ್ತಿನಲ್ಲಿ ಮುಂದಿದ್ದ ಒಬ್ಬಳು ಹುಡುಗಿ ಹಿಂದಕ್ಕೆ ಓಡಿ ಬಂದಳು. ಕೂಗಲಿಲ್ಲ, ಗದರಲಿಲ್ಲ. ಅವನ ಪಕ್ಕದಲ್ಲೇ ಅವನ ವೇಗಕ್ಕೆ ಓಡುತ್ತ, ಏನೋ ಹೇಳುತ್ತ ಅವನನ್ನು ನಗಿಸಿದಳು. ಟೂಮರ್ ಜೇಬಿನ ಪುಸ್ತಕ ತೆಗೆದು ಏನೋ ಗೀಚಿಕೊಂಡರು.

“ಒಬ್ಬಳು ಬಂದಳು. ನೂರನಾಲ್ವತ್ತಕ್ಕೆ ಒಬ್ಬಳು ಕಮ್ಮೀನೇ. ಆದ್ರೂ ಸೊನ್ನೆ ಅಲ್ಲ.”

ಓಟ ಮುಗಿದ ಮೇಲೆ ಆ ಹುಡುಗಿಯೇ ಡೆಲೇನಿಯನ್ನು ನರ್ಸಿಂಗ್ ತರಗತಿ ತೋರಿಸಲು ಕರೆದುಕೊಂಡು ಹೋದಳು. ಮಧ್ಯಾಹ್ನ ಎರಡಕ್ಕೆ ಘಟಕದ ಮುಖ್ಯಸ್ಥರಾದ ಲೆಫ್ಟಿನೆಂಟ್ ಕರ್ನಲ್ ಅವರ ಭೇಟಿ ಇತ್ತು. ಇದೇ ಕಾಲೇಜು ಎಂದು ಡೆಲೇನಿ ಆಗಲೇ ನಿರ್ಧರಿಸಿದ್ದಳು. ಕಡತದಲ್ಲಿ ಇರುವುದೆಲ್ಲ ನಿಜವೆಂದು ಅವರೆದುರು ಸಹಿ ಹಾಕುವುದೊಂದೇ ಉಳಿದಿತ್ತು.

ಟೂಮರ್ ನನ್ನನ್ನು ರಸ್ತೆಯಾಚೆಯ ಬಿಸ್ಕತ್ತಿನ ಅಂಗಡಿಗೆ ಕರೆದುಕೊಂಡು ಹೋದರು. ಬನ್ನಿನಂಥ ಮೆತ್ತನೆ ಬಿಸಿ ಬಿಸ್ಕತ್ತು, ಒಳಗೆ ಕರಿದ ಕೋಳಿ.

“ನೀವು ಇಷ್ಟು ವರ್ಷ ಎಷ್ಟೊಂದು ಲೆಫ್ಟಿನೆಂಟರಿಗೆ ಸೆಲ್ಯೂಟ್ ಹೊಡೆದಿದ್ದೀರಿ. ಒಳ್ಳೆಯವರು ಯಾರು ಅಂತ ಹೇಗೆ ಗೊತ್ತಾಗುತ್ತೆ?” ಎಂದೆ, ಏನಾದರೂ ಮಾತಾಡಬೇಕಲ್ಲ ಅಂತ.

“ಬೇಗ ಗೊತ್ತಾಗಲ್ಲ. ಕುವೈತ್‌ನಲ್ಲಿ ಒಬ್ಬನಿದ್ದ, ಇಪ್ಪತ್ಮೂರು ವಯಸ್ಸು, ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲ. ಹತ್ತೊಂಬತ್ತು ಟ್ಯಾಂಕರ್ ಅವನ ಹಿಂದೆ. ನಂದು ಎರಡನೇದು. ಒಂದು ಗಂಟೆ ಓಡಿಸಿದ ಮೇಲೆ ರೇಡಿಯೋದಲ್ಲಿ ಅವನ ದನಿ: ಎಲ್ಲರೂ ನಿಲ್ಲಿಸಿ, ನಾನು ತಪ್ಪು ದಾರಿ ಹಿಡಿದಿದ್ದೀನಿ, ತಪ್ಪು ನಂದೇ ಅಂತ. ಹತ್ತೊಂಬತ್ತು ಜನ ಡ್ರೈವರ್‌ಗಳು ಕೇಳಿಸ್ಕೊಂಡ್ರು.”

“ನಗಲಿಲ್ವಾ?”

“ನಕ್ರು. ಒಂದು ವಾರ ಕಾಡಿಸಿದ್ರು. ಆದ್ರೆ ಆವತ್ತಿಂದ ಅವನು ಹೋಗು ಅಂದ ಕಡೆ ಹೋದ್ರು. ಎಲ್ಲಿ ಓದಿದ್ದೆ ಅಂತ ನಾನೇ ಕೇಳಿದೆ. ಹೆಸರೇ ಕೇಳಿರದ ಒಂದು ಚಿಕ್ಕ ಕಾಲೇಜು, ಹನ್ನೊಂದು ಜನರ ಘಟಕ.” ಅವರು ಕಾಫಿ ಕುಡಿದರು. “ಅದಕ್ಕೇ ಈ ಹೋಲಿಕೆ ನಂಗೂ ಪೂರ್ತಿ ಬರಲ್ಲ. ಮುಚ್ಚಿಹೋಗೋ ಕಡೆ ಕಳಿಸಬಾರದು, ಅಷ್ಟೇ ನನ್ನ ಪಾಠ. ಮಿಕ್ಕಿದ್ದು ಮಗು ಮನೆಯಿಂದ ಏನು ಹೊತ್ಕೊಂಡು ಬಂದಿದೆಯೋ ಅದು.”

ನಾನು ಬಿಸ್ಕತ್ತನ್ನು ಕಾಗದದಲ್ಲಿ ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.

“ಸಾರ್ಜೆಂಟ್, ಒಂದು ಮಾತು. ಒಬ್ಬ ತಾಯಿ ಏನೋ ಮಾಡಿಬಿಟ್ಟಿರ್ತಾಳೆ ಅಂದ್ಕೊಳ್ಳಿ. ಕೆಟ್ಟದ್ದಕ್ಕಲ್ಲ. ಅದು ಅರ್ಜೀಲಿ…”

ಅವರು ಕೈ ಎತ್ತಿ ತಡೆದರು.

“ನಂಗೆ ಹೇಳಬೇಡ. ನಾನು ಕೇಳಿಸ್ಕೊಂಡ್ರೆ ನಿನ್ನ ಎದೆ ಹಗುರ ಆಗುತ್ತೆ, ಆಮೇಲೆ ನೀನು ಸುಮ್ನಾಗಿಬಿಡ್ತೀಯ. ಅರ್ಜಿ ಯಾರದ್ದು?”

“ಡೆಲೇನೀದು.”

“ಹಾಗಾದ್ರೆ ಅವಳಿಗೆ ಹೇಳು. ಎರಡು ಗಂಟೆಗೆ ಮುಂಚೆ.”

ಗಡಿಯಾರದಲ್ಲಿ ಹನ್ನೊಂದೂ ಹತ್ತು. ನಾನು ಅಂಗಡಿಯ ಹಿಂದೆ ಕಾರು ನಿಲ್ಲಿಸುವ ಜಾಗಕ್ಕೆ ಬಂದೆ. ಫೋನು ತೆಗೆದೆ, ಒಳಗಿಟ್ಟೆ. ಅವಳು ತರಗತಿಯಲ್ಲಿರಬಹುದು, ಆಮೇಲೆ ಮಾಡೋಣ ಅಂದುಕೊಂಡೆ. ಈ ಮೂರು ವಾರವೂ ಹೀಗೇ ಅಂದುಕೊಂಡಿದ್ದೆ. ಫೋನು ಮತ್ತೆ ತೆಗೆದೆ.

“ಏನಮ್ಮಾ? ಬೊಂಬೆ ರೋಗಿಗೆ ಸೂಜಿ ಹಾಕೋದು ತೋರಿಸ್ತಿದಾರೆ. ಬೇಗ ಹೇಳು,” ಎಂದು ಪಿಸುಗುಟ್ಟಿದಳು.

“ಹೊರಗೆ ಬಾ. ಒಬ್ಬಳೇ ಇರೋ ಕಡೆ ನಿಂತ್ಕೊ.”

ಬಾಗಿಲು ಮುಚ್ಚಿದ ಸದ್ದು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆಗಸ್ಟ್, ಔಷಧಿ ಅಂಗಡಿ, ಕೈಚೀಲ, ನಲ್ಲಿ.

“ಮೂರು ಸಲಾನಾ?”

“ಮೂರು.”

“ನಾನು ‘ಇಲ್ಲ’ ಅಂತ ಹಾಕುವಾಗ ನೀನು ಅಲ್ಲೇ ಇದ್ದೆ.”

“ಇದ್ದೆ.”

“ಅಮ್ಮಾ! ನಾನು ಸುಳ್ಳಿ ಅನ್ನಿಸ್ಕೋತಿದ್ದೆ. ಗೊತ್ತಾ ನಿಂಗೆ? ನಂಗೇ ಗೊತ್ತಿಲ್ದೆ!”

“ಗೊತ್ತು ಕಂದಾ. ಕರ್ನಲ್‌ಗೆ ನಾನೇ ಹೇಳ್ತೀನಿ. ತಪ್ಪು ನಂದು ಅಂತ.”

“ಬೇಡ.” ಅವಳ ಮಾತು ನೇರವಾಗಿತ್ತು. “ಅರ್ಜಿ ನಂದು, ತಿದ್ದಬೇಕಾದ್ದೂ ನಾನೇ. ನೀನು ಪಕ್ಕದಲ್ಲಿ ಕೂತ್ಕೋ. ಅವರು ಕೇಳಿದ್ರೆ ಮಾತ್ರ ಮಾತಾಡು. ಈ ವರ್ಷ ಜಾಗ ಹೋದ್ರೆ?”

“ಹೋಗಬಹುದು.”

“ಹ್ಞೂಂ.” ಮೂಗು ಒರೆಸಿಕೊಂಡ ಸದ್ದು. “ತಾರೀಖು ಬೇಕಾಗುತ್ತೆ. ಡಾಕ್ಟರ್ ಹತ್ರ ಕಾಗದಾನೂ ಬೇಕು. ತಾರೀಖು ನೆನಪಿದೆಯಾ ನಿಂಗೆ?”

ಮೂರು ವಾರದಿಂದ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

“ಮೊದಲನೇದು ಆಗಸ್ಟ್ ಹನ್ನೊಂದು,” ಎಂದು ಶುರುಮಾಡಿದೆ.

“ನಿಧಾನಮ್ಮಾ,” ಅಂದಳು ಡೆಲೇನಿ. “ಬರ್ಕೋತಾ ಇದೀನಿ.”