ಊಟ ಆತೇನ್ರಿ, ವಾಟರ್ ಸಾಹೇಬ್ರ?

ನಾಗರಿಕ ಸಮಾಜವು ಸಣ್ಣ ಸಣ್ಣ ಸುಳ್ಳುಗಳ ಅಡಿಪಾಯದ ಮೇಲೆ ನಿಂತಿದೆ ಎಂದು ಬಲ್ಲವರು ಹೇಳುತ್ತಾರೆ. (ಬಲ್ಲವರು ಯಾರೆಂದು ಕೇಳಬೇಡಿ. ಈ ವಾಕ್ಯವನ್ನು ಈಗಷ್ಟೇ ನಾನೇ ಕಟ್ಟಿದೆ.)

ನಮ್ಮ ವಿಜಾಪುರದ ಕಡೆಯ ರೂಢಿಯನ್ನೇ ನೋಡಿ. ಇಬ್ಬರು ಎದುರಾದರೆ ಮೊದಲ ಮಾತು, "ಊಟ ಆತೇನ್ರಿ?" ಅದಕ್ಕೆ ಉತ್ತರ, "ಆತ್ರಿ, ನಿಮ್ಮದು?" ಆಗಿರಲಿ, ಆಗದಿರಲಿ, ಏಕಾದಶಿಯ ನಿರಾಹಾರವೇ ಇರಲಿ, ಉತ್ತರ ಅದೊಂದೇ. ಕೇಳಿದವನು ಉತ್ತರಕ್ಕಾಗಿ ನಿಲ್ಲುವುದೂ ಇಲ್ಲ. ನಿಂತನೆಂದರೆ ಅವನ ಮನೆಯಲ್ಲೇ ಒಲೆ ಹೊತ್ತಿಲ್ಲವೆಂದು ತಿಳಿಯಬೇಕು.

ಈ ಏರ್ಪಾಟು ತಲೆತಲಾಂತರದಿಂದ ನಿರ್ವಿಘ್ನವಾಗಿ ನಡೆದುಬಂದಿತ್ತು. ಹೋದ ತಿಂಗಳು ನಾನು ಅದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ಕೆಡಿಸಿದೆ.

ತಿಕೋಟಾದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರಾದ ನಾನು ದಿನವೂ ಸಂಜೆ ಗೋಳಗುಮ್ಮಟದ ಹುಲ್ಲಿನ ಮೇಲೆ ಗಾಳಿ ಸೇವಿಸುವುದು ಈ ಅಂಕಣದ ಓದುಗರಿಗೆ ಗೊತ್ತೇ ಇದೆ. (ಮನೆಯಲ್ಲಿ ಬೇರೆ ಯಾರೂ ಇಲ್ಲದವನಿಗೆ ಗಾಳಿಯೂ ಒಂದು ಸಂಸಾರ.) ಅಂದು ಪಕ್ಕದಲ್ಲಿ ಒಬ್ಬ ಪರದೇಶದವನು ಕೂತಿದ್ದ. ಬಾಗಿಲಿನಷ್ಟು ಅಗಲದ ಆಳು. ಮೂಗು ಒಮ್ಮೆ ಎಡಕ್ಕೆ ಹೋಗಿ, ಮನಸ್ಸು ಬದಲಿಸಿ ಬಲಕ್ಕೆ ತಿರುಗಿತ್ತು. ಇಂಗ್ಲಿಷ್ ಮಾಸ್ತರನಿಗೆ ಇಂಗ್ಲಿಷ್ ಆಡುವ ಜೀವವೊಂದು ಸಿಕ್ಕರೆ ಬಿಟ್ಟಾನೆಯೇ? ಗಂಟಲು ಸರಿಮಾಡಿಕೊಂಡು, "ಹ್ಯಾವ್ ಯು ಹ್ಯಾಡ್ ಯುವರ್ ಮೀಲ್, ಸರ್?" ಎಂದೆ.

ಅವನು ನನ್ನನ್ನು ನೋಡಿದ. ಆಮೇಲೆ, "ನೋ," ಎಂದ.

ಈಗೇನು ಮಾಡುವುದು? ಈ ಉತ್ತರಕ್ಕೆ ನಮ್ಮಲ್ಲಿ ಮುಂದಿನ ಮಾತೇ ಇಲ್ಲ. ಅವನೋ, ಆಗಲೇ ಎದ್ದು ಚೀಲ ಹೆಗಲಿಗೇರಿಸಿದ್ದ.

ನನ್ನ ಊಟದ ಖಾನಾವಳಿಗೆ ಕರೆದೊಯ್ದೆ. (ಅಮಾವಾಸ್ಯೆಯೊಂದು ಬಿಟ್ಟು ಉಳಿದೆಲ್ಲ ದಿನ ಅದೇ ನನ್ನ ಮನೆ.) ಬಿಸಿ ರೊಟ್ಟಿ ಮುರಿಯುತ್ತ ಅವನು ತನ್ನ ಚರಿತ್ರೆ ಹೇಳಿದ. ಹೆಸರು ವಾಲ್ಟರ್. ದೇಶ ಕೆನಡಾ. ಉದ್ಯೋಗ, ಹಾಕಿ ಆಡುವುದು. ಅದೂ ಬರ್ಫದ ಮೇಲೆ, ಬೂಟಿನ ಅಡಿಗೆ ಕಬ್ಬಿಣದ ಅಲಗು ಕಟ್ಟಿಕೊಂಡು. ತನ್ನ ದೇಶದಲ್ಲಿ ತನಗಿಂತ ಗಟ್ಟಿಗರು ವಿಪರೀತ ಇದ್ದುದರಿಂದ ಆಸ್ಟ್ರಿಯಾದ ಒಂದು ಗುಡ್ಡದ ಊರಿನ ಟೀಮಿಗೆ ಪಗಾರದ ಮೇಲೆ ಆಡುತ್ತಾನೆ. ಡಿಫೆನ್ಸ್‌ಮನ್. ಅಂದರೆ ಗೋಲು ಹೊಡೆದು ಚಪ್ಪಾಳೆ ಗಿಟ್ಟಿಸುವವನಲ್ಲ. ತನ್ನ ಗೋಲಿನ ಬಾಗಿಲ ಮುಂದೆ ಯಾರೇ ಬಂದು ನಿಂತರೂ ಭುಜದಿಂದ, ಸೊಂಟದಿಂದ ಗುದ್ದಿ ಆಚೆ ದಬ್ಬುವವನು. ಮೀಸೆ ಮೂಡಿದಾಗಿನಿಂದ ಅದೇ ಕೆಲಸ.

ಮ್ಯಾಚು ಮುಗಿದ ಮೇಲೆ ಆ ಊರಿನ ಆಟಗಾರರು ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಇವನು ಬೇಕರಿಯ ಮೇಲಿನ ಖೋಲಿಗೆ ಹೋಗಿ ತಗಡಿನ ಡಬ್ಬಿಯ ಊಟ ಬಿಸಿ ಮಾಡಿಕೊಳ್ಳುತ್ತಾನೆ. ಜನ ಕೆಟ್ಟವರಲ್ಲ, ಎಂದ. ದಾರಿಯಲ್ಲಿ ಸಿಕ್ಕರೆ ಮೊಣಕಾಲು ಹೇಗಿದೆ ಎಂದು ವಿಚಾರಿಸುತ್ತಾರೆ. "ಊಟ ಆಯಿತೇ ಎಂದು ಕೇಳಿದವರು ನೀವೇ ಮೊದಲು."

ಅದು ಬರೀ ನಮಸ್ಕಾರವಪ್ಪಾ ಎಂದು ಆಗಲೇ ಹೇಳಬೇಕಿತ್ತು. ಹೇಗೆ ಹೇಳಲಿ? ಅವನು ಮೂರನೇ ರೊಟ್ಟಿಯಲ್ಲಿದ್ದ.

ಅವನಿಗೊಂದು ಫಜೀತಿಯಿತ್ತು. ಮುಂದಿನ ಚಳಿಗಾಲಕ್ಕೆ ಬರುತ್ತೀಯೋ ಇಲ್ಲವೋ, ತಿಂಗಳೊಳಗೆ ತಂತಿ ಕೊಡು ಎಂದು ಟೀಮಿನವರು ಹೇಳಿದ್ದರು. ಹೋದರೆ ಮತ್ತೆ ಅದೇ ಖೋಲಿ, ಅದೇ ಡಬ್ಬಿ, ಆಪರೇಷನ್ ಮಾಡಿಸಿಕೊಂಡ ಅದೇ ಮೊಣಕಾಲು. ಹೋಗದಿದ್ದರೆ ಕೆನಡಾ. ಅಲ್ಲಿ ತಂದೆತಾಯಿ ತೀರಿದ್ದರು, ಬೇರೆ ಕಸುಬು ಬಾರದು. ನಿಶ್ಚಯ ಮಾಡಲಾಗದೆ ದೇಶ ತಿರುಗುತ್ತ ಗುಮ್ಮಟದವರೆಗೆ ಬಂದಿದ್ದ. (ಇಂಥವರು ಅಲ್ಲಿಗೆ ಬರಲೇಬಾರದು. ಕೇಳಿದ ಪ್ರಶ್ನೆಯೇ ಏಳು ಸಲ ತಿರುಗಿ ಬರುತ್ತದೆ. ಉತ್ತರ ಬರುವುದಿಲ್ಲ.)

ಮರುದಿನ ಅವನನ್ನು ತಿಕೋಟಾಕ್ಕೆ ಕರೆದೊಯ್ದೆ. ಅಲ್ಲಿಯ ಡ್ರಿಲ್ ಮಾಸ್ತರ ದಸ್ತಗೀರಸಾಬ ನನ್ನ ಹಳೆಯ ಜೊತೆಗಾರ, ಹರೆಯದಲ್ಲಿ ಹಾಕಿ ಆಡಿದವನು. ಬಸ್ಸಿಳಿದು ಅವನ ಮನೆ ಮುಟ್ಟುವುದರೊಳಗೆ ಗುರುತಿನವರಿಬ್ಬರು ರೂಢಿಯಂತೆ ಊಟ ವಿಚಾರಿಸಿದರು. ಅಷ್ಟರಲ್ಲಿ ಪರದೇಶಿ ನನ್ನಿಂದ ಆ ಪ್ರಶ್ನೆಯ ಗುರುತನ್ನೂ ಒಂದು ಕನ್ನಡ ಶಬ್ದವನ್ನೂ ಕಲಿತಿದ್ದ. "ಇಲ್ಲ," ಎಂದು ಇಬ್ಬರಿಗೂ ಪ್ರಾಮಾಣಿಕವಾಗಿ ಹೇಳಿದ. ಒಬ್ಬರು ಕಂಗಾಲಾಗಿ ಕಿಸೆಯೊಳಗಿನ ಶೇಂಗಾ ತೆಗೆದುಕೊಟ್ಟರು. ಇನ್ನೊಬ್ಬರು ಹೊಲದ ದಾರಿ ಹಿಡಿದರು.

"ಬರ್ಫದ ಮ್ಯಾಲ ಹಾಕಿ?" ದಸ್ತಗೀರ ನಂಬಲಿಲ್ಲ. "ಕಾಲ ಜಾರೂದಿಲ್ಲೇನ್ರಿ ಮಾಸ್ತರ್ರ?"

"ಜಾರೂದ ಆಟ ಅಂತ್ರಿ."

"ನಾನೂ ಬ್ಯಾಕ್ ಆಡಾಂವನ, ಹೇಳ್ರಿ ಅವಗ. ಬಬಲೇಶ್ವರದ ಮ್ಯಾಚಿನ್ಯಾಗ ಚೆಂಡು ಎರಿ ಹೊಲದ ಬಿರುಕಿನ್ಯಾಗ ಹೋತು. ಇನ್ನೂ ಸಿಕ್ಕಿಲ್ಲ. ಅದಿರ್ಲಿ, ಬ್ಯಾಸಗ್ಯಾಗ ಬರ್ಫ ಕರಗತೈತಿ. ಆವಾಗ ಇಂವಾ ಏನ ಮಾಡ್ತಾನ?"

"ಹಿಂಗ ತಿರಗತಾನ್ರಿ."

ದಸ್ತಗೀರನ ಹೆಂಡತಿ ಹಸೀನಾಬಿ ಕಟಕ್ ರೊಟ್ಟಿ ಬಡಿಸಿದರು. ಅದು ಸಜ್ಜೆಯ ರೊಟ್ಟಿ, ಒಣಗಿ ಹಂಚಿನಂತಾದದ್ದು. ವಾಲ್ಟರ್ ಅದನ್ನು ಕಚ್ಚಲು ನೋಡಿದ, ಬಿಟ್ಟ. ಆಮೇಲೆ ಬಾಯೊಳಗೆ ಕೈ ಹಾಕಿ ಮುಂದಿನ ಹಲ್ಲುಗಳ ಸೆಟ್ಟನ್ನೇ ತೆಗೆದು ತಾಟಿನ ಪಕ್ಕದಲ್ಲಿ ಮರ್ಯಾದೆಯಿಂದ ಇಟ್ಟ.

"ಯಪ್ಪಾ, ಎಮ್ಮಿ ಒದ್ದೈತೇನ ಇವಗ?" ಎಂದರು ಹಸೀನಾಬಿ.

"ಆಟದಾಗ ಹೋಗ್ಯಾವಂತ್ರಿ."

"ಆಟ ಆಡಿ ಹಲ್ಲ ಕಳಕೊಂಡ ಮನಿಗಿ ಹೋದ್ರ ಇವ್ರವ್ವ ಸುಮ್ಮನ ಬಿಟ್ಳೇನ?"

ತರ್ಜುಮೆ ಮಾಡಿದೆ. ಅವ್ವನಿಗೆ ಗೊತ್ತೇ ಆಗಲಿಲ್ಲ, ಎಂದ ವಾಲ್ಟರ್. ಅಷ್ಟರಲ್ಲಿ ಆಕೆ ತೀರಿಹೋಗಿದ್ದಳು.

ಹಸೀನಾಬಿ ಅವನ ತಾಟನ್ನು ತಮ್ಮ ಕಡೆ ಎಳೆದುಕೊಂಡರು. ಅವನ ರೊಟ್ಟಿ ಮುರಿದು ಬ್ಯಾಳಿಯಲ್ಲಿ ನೆನೆಹಾಕಿ, ಮೇಲೆ ತುಪ್ಪ ಬಿಟ್ಟರು. ಖೋಲಿಯ ಕಥೆ, ಡಬ್ಬಿಯ ಕಥೆ ನನ್ನಿಂದ ಕೇಳಿ ತಿಳಿದ ಮೇಲೆ ಸಿಟ್ಟಾದರು.

"ಅವ್ರು ಕೇಳಲಿಲ್ಲಂದ್ರ ಇಂವಾ ಕೇಳ್ಬೇಕಿಲ್ಲೋ? ಬಾಯಾಗ ಹಲ್ಲಿಲ್ಲ ಖರೆ, ನಾಲಗಿ ಐತೆಲ್ಲೋ ವಾಟರ್ ಸಾಹೇಬ್ರ?" (ವಾಲ್ಟರ್ ಎಂಬುದು ಆ ಮನೆಯಲ್ಲಿ ಕರಗಿ ನೀರಾಗಿತ್ತು.)

ಇದನ್ನೂ ತರ್ಜುಮೆ ಮಾಡಿದೆ. ಬಾಗಿಲ ಮುಂದೆ ಯಾರನ್ನೂ ನಿಲ್ಲಗೊಡಬೇಡ ಎಂದಷ್ಟೇ ತನಗೆ ಕಲಿಸಿದ್ದಾರಂತೆ.

"ಬ್ಯಾಕಿನ ಕೆಲಸ ಅದ," ಎಂದ ದಸ್ತಗೀರ. "ಆದ್ರ ಸೀಟಿ ಊದಿದ ಮ್ಯಾಲ ಬಿಟ್ಟಬಿಡಬೇಕ್ರಿ."

ಅವನು ಎಂಟು ಹತ್ತು ದಿನ ವಿಜಾಪುರದಲ್ಲೇ ಉಳಿದ. ಸಂಜೆ ನನ್ನ ಸಂಗಡ ಖಾನಾವಳಿ. ಮಧ್ಯಾಹ್ನ ತಾನೇ ಬಸ್ಸು ಹತ್ತಿ ತಿಕೋಟಾ. ಖಾನಾವಳಿಯಲ್ಲಿ ನನ್ನ ಎದುರಿನ ಮಣೆ ಹಿಂದೆಂದೂ ಭರ್ತಿಯಾದದ್ದಿಲ್ಲ. ಅದು ಖಾಲಿಯಿತ್ತೆಂದು ನನಗೆ ಗೊತ್ತಾದದ್ದೂ ಆಗಲೇ. ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ನಾನೂ ಆಡುತ್ತಿರಲಿಲ್ಲ. ಇಬ್ಬರು ಕೂತು ಮಾತಿಲ್ಲದೆ ಉಣ್ಣುವುದಕ್ಕೂ ಒಬ್ಬನೇ ಕೂತು ಉಣ್ಣುವುದಕ್ಕೂ ವ್ಯತ್ಯಾಸವೇನು? ವ್ಯಾಕರಣದಲ್ಲಿ ಇಲ್ಲ.

ತಿಂಗಳ ಕೊನೆಗೆ ತಂತಿ ಆಫೀಸಿಗೆ ಹೋದೆವು. ಅವನು ಪೆನ್ನು ಹಿಡಿದು ನಿಂತ. ಹಿಂದಿದ್ದವರು ಗೊಣಗತೊಡಗಿದ ಮೇಲೆ ಒಂದೇ ಶಬ್ದ ಬರೆದ. "ಕಮಿಂಗ್."

ಯಾಕೆ, ಎಂದೆ.

ಬೇರೇನೂ ಬರುವುದಿಲ್ಲ, ಎಂದ. ಈ ಸಲ ಟೀಮಿನ ಹುಡುಗರನ್ನು ಊಟ ಆಯಿತೇ ಎಂದು ತಾನೇ ಕೇಳಿ ನೋಡುತ್ತೇನೆ ಎಂದ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಕಲಿಸಿ ಎಂದು ಹಿಡಿದುಕೊಂಡ. ಇಂಗ್ಲಿಷ್ ಕಲಿಸಿ ತಲೆ ಹಣ್ಣಾದವನು ದಾರಿಯುದ್ದಕ್ಕೂ ಕನ್ನಡ ಕಲಿಸಿದೆ. ಅದು ಬರೀ ನಮಸ್ಕಾರ ಎಂದು ಹೇಳಲು ಮತ್ತೊಮ್ಮೆ ಬಾಯಿ ತೆರೆದೆ. ಮುಚ್ಚಿದೆ.

ಮೊನ್ನೆ ಸಂಜೆ ಅವನನ್ನು ಸೊಲ್ಲಾಪುರದ ಬಸ್ಸಿಗೆ ಕೂಡಿಸಿದೆ. ಹಸೀನಾಬಿ ಕಟಕ್ ರೊಟ್ಟಿಯ ಗಂಟು ಕಳಿಸಿದ್ದರು. ಬ್ಯಾಳಿ ಸಿಗದ ದೇಶದಲ್ಲಿ ಅದನ್ನು ಯಾವುದರಲ್ಲಿ ನೆನೆಸುತ್ತಾನೋ ಎಂಬ ಚಿಂತೆಯನ್ನೂ ಸಂಗಡ ಹೇಳಿ ಕಳಿಸಿದ್ದರು. ಬಸ್ಸು ಅಲುಗಿತು. ಅವನು ಕಿಟಕಿಯಿಂದ ಆ ಸೊಟ್ಟ ಮೂಗು ಹೊರಹಾಕಿ, ಗಟ್ಟಿಯಾಗಿ, ಒಂದಕ್ಷರ ತಪ್ಪದೆ ಕೇಳಿದ:

"ಮಾಸ್ತರ್ರ, ಊಟ ಆತೇನ್ರಿ?"

ಇಡೀ ಬಸ್ಸು ನಕ್ಕಿತು. ನನ್ನ ಬಾಯಿ ಹುಟ್ಟಿದಾಗಿನಿಂದ ಕಲಿತ ಉತ್ತರವನ್ನೇ ಕೊಟ್ಟಿತು. "ಆತ್ರಿ, ನಿಮ್ಮದು?"

ಅವನು ನಂಬಿದ. ಅವನು ಈ ಪ್ರಶ್ನೆಯನ್ನೂ ನಂಬುವವನು, ಉತ್ತರವನ್ನೂ ನಂಬುವವನು. ಸಮಾಧಾನದಿಂದ ತಲೆಯಾಡಿಸಿ ಒಳಗೆ ಸರಿದ. ಬಸ್ಸು ಹೋಯಿತು.

ಅಂದು ಅಮಾವಾಸ್ಯೆ. ಖಾನಾವಳಿ ಬಂದ್ ಆಗಿತ್ತು. ನನ್ನ ಊಟ ಆಗಿರಲಿಲ್ಲ.